ಮೊಳೆ

ಮನೆಮನೆಯ ಮೀಟರ್ ಓದುವುದು ನನ್ನ ಕೆಲಸ.
ಮೀಟರು ಯಾವಾಗಲೂ ಮನೆಯ ಬೇಡದ ಮೂಲೆಯಲ್ಲಿರುತ್ತದೆ:
ಮೆಟ್ಟಿಲಿನಡಿ, ಚಪ್ಪಲಿಗೂಡಿನ ಮೇಲೆ, ಹಿತ್ತಿಲ ಗೋಡೆಗೆ.
ಬೇಡದ ಸಾಮಾನೂ ಅಲ್ಲೇ.
ಹಾಗಾಗಿ ಹಾಸನದಲ್ಲಿ ಯಾರ ಮನೆಯ ತೊಟ್ಟಿಲು
ಯಾವ ವರ್ಷ ಈರುಳ್ಳಿ ಬುಟ್ಟಿಯಾಯಿತು
ಅನ್ನುವುದು ನನಗೆ ಗೊತ್ತು.
ಯೂನಿಟ್ಟಿನ ಜೊತೆ ಅದನ್ನೂ ಓದಿಕೊಂಡು ಬರುತ್ತೇನೆ,
ಬಿಲ್ಲಿಗೆ ಸೇರಿಸುವುದಿಲ್ಲ.

ಭಾನುವಾರ ಪೆನ್ಷನ್ ಮೊಹಲ್ಲಾ,
ಮುನವ್ವರನ ಗುಜರಿ. ಅವನ ತಕ್ಕಡಿಗೆ
ಕುರ್ಚಿಯೂ ಒಂದೇ, ಕುಕ್ಕರಿನ ಮುಚ್ಚಳವೂ ಒಂದೇ.
"ಸಾರ್, ಇದು ಬೀಟೆ," ಎಂದ,
ಅಷ್ಟೂ ಬಣ್ಣದ ಕೆಳಗೆ ತನಗೊಬ್ಬನಿಗೇ ಕಾಣುವವನ ಹಾಗೆ.
ನಾನೂ ನಂಬಿದವನ ಹಾಗೆ ಇನ್ನೂರೈವತ್ತು ಕೊಟ್ಟೆ.
ಸ್ಕೂಟರಿನ ಹಿಂದೆ ತಲೆಕೆಳಗಾಗಿ
ನಾಲ್ಕು ಕಾಲೂ ಆಕಾಶಕ್ಕೆ ಎತ್ತಿ
ಹೊಸಲೈನ್ ರಸ್ತೆಯುದ್ದಕ್ಕೂ ಬಂತು ಕುರ್ಚಿ,
ನಾಚಿಕೆಯಿಲ್ಲದೆ.

"ಬಂತಾ ಇನ್ನೊಂದು?" ಎಂದಳು ರತ್ನಪ್ರಭೆ ಗೇಟಿನಲ್ಲೇ.
ಆಮೇಲೆ ಅವಳೇ
ಹಳೇ ಲಂಗ ಹರಿದು ಒರೆಸುವ ಬಟ್ಟೆ ಮಾಡಿಕೊಟ್ಟಳು.

ಉಪ್ಪುಕಾಗದ ಹಿಡಿದು ಕೂತರೆ
ಮೊದಲು ಕಂದು ಹೋಗುತ್ತದೆ. ಅದರಡಿ ಆಸ್ಪತ್ರೆಯ ಹಸಿರು.
ಅದರಡಿ ಯಾರದೋ ಮದುವೆಗೆ ಬಳಿದ ಅವಸರದ ನೀಲಿ,
ಬ್ರಷ್ಷಿನ ಕೂದಲೊಂದು ಇನ್ನೂ ಅಂಟಿಕೊಂಡೇ ಇದೆ.
ಅದರಡಿ ಹಳದಿ.
ಬೀಟೆಯಲ್ಲ, ಹಲಸು.
ಮುನವ್ವರನಿಗೆ ಫೋನ್ ಮಾಡಿ ಬೈಯೋಣವೆಂದುಕೊಂಡೆ.
ಅಷ್ಟರಲ್ಲಿ ಐದೂವರೆಯ ಬಿಸಿಲು ಬಂದು
ಆ ಹಳದಿಯ ಮೇಲೆ ಕೂತಿತು.
ಬೈಗುಳ ಬಾಯಲ್ಲೇ ಹಣ್ಣಾಯಿತು.

ಕುರ್ಚಿಯ ಬಲಗೈ ಅಡಿಯಲ್ಲೊಂದು ಮೊಳೆ,
ಸಣ್ಣದು, ಸೊಟ್ಟ, ಕತ್ತಿನ ಸುತ್ತ ನಾಲ್ಕೆಳೆ ದಾರ.
ಯಾಕಿತ್ತೋ. ಇಕ್ಕಳ ಹಾಕಿ ಎಳೆದೆ,
ಕಿರುಚಿಕೊಂಡೇ ಬಂತು. ಡಬ್ಬಿಗೆ ಎಸೆದೆ.
ಮರದ ಹಿಟ್ಟಿಗೆ ಫೆವಿಕಾಲ್ ಕಲಸಿ
ತೂತಿಗೆ ತುಂಬಿ, ಒಣಗಿಸಿ, ಉಜ್ಜಿ, ಮತ್ತೆ ಉಜ್ಜಿ...
ಇಂಥದರಲ್ಲಿ ನನಗೆ ಸ್ವಲ್ಪ ಜಂಬ.

ಬೆತ್ತ ನೆನೆಹಾಕಿ ಹೆಣೆದೆ. ಮೂರು ಸಲ ಬಿಚ್ಚಿದೆ.
ನಾಲ್ಕನೇ ಸಲ ಕಣ್ಣುಗಳು ಒಂದೇ ಸಮ ಬಂದವು,
ಒಂದು ಕಡೆ ಬಿಟ್ಟು; ಅಲ್ಲಿ ದಿಂಬು ಇಟ್ಟೆ.
ಬೆನ್ನಿನ ಹಲಗೆಗೆ ಆಲೂಗೆಡ್ಡೆ ಹೂ ಬರೆದೆ,
ಬಿಳಿಗೆ ಚೂರು ನೇರಳೆ, ನಡುವೆ ಅರಿಸಿನದ ಚುಕ್ಕಿ.
ಈ ಜಿಲ್ಲೆಯಲ್ಲಿ ಗೆಡ್ಡೆ ತಿನ್ನದವರಿಲ್ಲ.
ಹೂವನ್ನು ಯಾರೂ ಮುಡಿದದ್ದು ಕಾಣೆ, ದೇವರಿಗಿಟ್ಟದ್ದೂ ಕಾಣೆ.
ಕುರ್ಚಿಯಾದರೂ ಮುಡಿಯಲಿ.

ಎರಡನೇ ಶನಿವಾರ ಹಿಂದಿನ ಬೀದಿಯ ಲಲಿತಾಕ್ಷಮ್ಮ ಬಂದರು,
ಬಿಲ್ಲು ಹಿಡಿದುಕೊಂಡು.
ಹೋದ ವರ್ಷ ಮನೆ ಕೆಡವಿ ಮಹಡಿ ಎತ್ತಿದ್ದಾರೆ,
ಹಳೆಯದೊಂದೂ ಉಳಿದಿಲ್ಲ, ನೆಲವೆಂದರೆ ಕನ್ನಡಿ.
"ಇಷ್ಟು ಯೂನಿಟ್ಟು ಹೇಗೆ ಬಂತು, ನೀವೇ ಹೇಳಿ ಮತ್ತೆ."
"ಕೂತ್ಕೊಳ್ಳಿ," ಅಂದೆ.
ಕೂತರು. ಗೀಸರಿನ ಲೆಕ್ಕ ಶುರುಮಾಡಿದೆ.
ಅವರ ಕಣ್ಣು ಬಿಲ್ಲಿನ ಮೇಲೆ, ಕಿವಿ ನನ್ನ ಮಾತಿನ ಮೇಲೆ.
ಬಲಗೈ ಮಾತ್ರ
ತನ್ನಷ್ಟಕ್ಕೆ ಕುರ್ಚಿಯ ಕೈಯಡಿ ಹೋಗಿ
ಹೆಬ್ಬೆರಳಿಂದ ಏನನ್ನೋ ತಡಕಿತು.
ಅಲ್ಲಿಲ್ಲ. ಒಂದಂಗುಲ ಮುಂದೆ. ಹಿಂದೆ.
ಮಡಿಲಲ್ಲಿ ಇಲ್ಲದ ಕಾಕಡ ಹೂವಿಗೆ
ದಾರ ಸಿಕ್ಕಿಸುವ ಜಾಗ ಹುಡುಕುವ ಹಾಗೆ.

ಗೀಸರಿನ ಲೆಕ್ಕ ತಪ್ಪಿತು ನನಗೆ.

"ನಮ್ಮಲ್ಲೂ ಒಂದಿತ್ತು, ಕಂದು ಬಣ್ಣದ್ದು," ಎಂದರು ಏಳುವಾಗ,
"ಇಷ್ಟು ಲಕ್ಷಣವಾಗಿರಲಿಲ್ಲ ಬಿಡಿ."
ಬೆನ್ನಿನ ಹೂ ನೋಡಿ, "ಇದು ಬದನೆಯಾ?" ಎಂದರು.
ಹೌದೆಂದೆ.

ರಾತ್ರಿ ಡಬ್ಬಿ ಸುರಿದು ಹುಡುಕಿದೆ.
ಗುಜರಿಯ ಮೊಳೆಗಳೆಲ್ಲ ಸೊಟ್ಟವೇ,
ದಾರವಿದ್ದದ್ದು ಒಂದೇ.
ಒಗೆಯುವ ಕಲ್ಲಿನ ಮೇಲಿಟ್ಟು, ನೆಟ್ಟಗೆ ಮಾಡಲು
ಸುತ್ತಿಗೆ ಎತ್ತಿದವನು ಹಾಗೇ ಇಳಿಸಿದೆ.
"ಲೈಟ್ ಆರಿಸಿ, ಮೀಟರ್ ಓಡ್ತಿದೆ," ಎಂದಳು ಇವಳು ಒಳಗಿಂದ.
ಆರಿಸಿದೆ.
ಕತ್ತಲಲ್ಲಿ ಕುರ್ಚಿಯ ಮುಂದೆ ಮಂಡಿಯೂರಿ
ಬಲಗೈಯಡಿ ಹೆಬ್ಬೆರಳು ಆಡಿಸಿದೆ.
ಮುಂದೆ. ಹಿಂದೆ. ಮತ್ತೆ ಮುಂದೆ.
ತುಟಿಯ ನಡುವೆ ಮೊಳೆ, ನಾಲಗೆಗೆ ತುಕ್ಕು.
ತೂತು ಸಿಗಲಿಲ್ಲ.
ಅಷ್ಟು ಚೆನ್ನಾಗಿ ಮುಚ್ಚಿದ್ದೇನೆ.